ಹತ್ತು ನಿಮಿಷ ಮುಂದೆ ಓಡಿದ ಗಡಿಯಾರ

ರಾಜಶೇಖರ ಮೇಷ್ಟ್ರು ಸಕಲೇಶಪುರದ ಅಂಗಡಿಯಲ್ಲಿ ಒಂದೇ ಬಗೆಯ ಎರಡು ಗೋಡೆ ಗಡಿಯಾರ ಕೊಂಡರು ನೋಡಿ, ಅಲ್ಲಿಂದಲೇ ಅವರ ಗ್ರಹಚಾರ ಶುರುವಾಯಿತು.

ಹೊಂಗಡಹಳ್ಳದ ಆಚೆಯ ಹೈಸ್ಕೂಲಿನಲ್ಲಿ ಅವರಿಗೆ ಆರು ವರ್ಷವಾಗಿತ್ತು. ಹೆಂಡತಿ ವಾಣಿ ಮಗ್ಗೆಯಲ್ಲಿ ನರ್ಸು. ಗಂಡ ಹೆಂಡತಿ ಮುಖ ನೋಡುವುದು ಭಾನುವಾರ ಮಾತ್ರ, ಅದೂ ಬಸ್ಸು ಬಂದರೆ. ಮಗ್ಗೆಗೆ ವರ್ಗಾವಣೆ ಬೇಡಿ ಬರೆದ ಅರ್ಜಿಗೆ ಸಹಿ ಹಾಕಬೇಕಾದ ಶಿಕ್ಷಣ ಇಲಾಖೆಯ ಸಾಹೇಬರು ಅವತ್ತು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಬರುವವರಿದ್ದರು. "ಚೆನ್ನಾಗಿ ಮಾಡಿ ತೋರಿಸಿ, ಆಮೇಲೆ ನೋಡೋಣ" ಎಂದಿದ್ದರು.

ಎತ್ತರಕ್ಕೆ ಹೋದಷ್ಟೂ ಕಾಲ ಒಂದು ಚೂರು ಬೇಗ ಓಡುತ್ತದೆ. ಆ ಚೂರು ಗೋಡೆ ಗಡಿಯಾರಕ್ಕೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಉಪಗ್ರಹದಲ್ಲಿ ಪರಮಾಣು ಗಡಿಯಾರ ಬೇಕು. ಮೇಷ್ಟ್ರು ತೋರಿಸಬೇಕೆಂದಿದ್ದು ಇಷ್ಟೇ. ಒಂದು ಗಡಿಯಾರ ಶಾಲೆಯಲ್ಲಿ, ಇನ್ನೊಂದು ಗುಡ್ಡದ ತುದಿಯ ಕಾಫಿ ಎಸ್ಟೇಟ್ ಸ್ಟೋರಿನಲ್ಲಿ. ಸಂಜೆ ಪಕ್ಕಪಕ್ಕ ಇಟ್ಟರೆ ಎರಡೂ ಒಂದೇ ಹೊತ್ತು ತೋರಿಸಬೇಕು.

ಬೆಳಿಗ್ಗೆ ಒಂದನ್ನು ಜೀಪಿನ ಚಾಂದ್ ಪಾಷಾನ ಕೈಗೆ ಕೊಟ್ಟರು.

"ಮುಳ್ಳು ಮಾತ್ರ ಮುಟ್ಟಬೇಡ ಮಾರಾಯ."

"ನಾನ್ಯಾಕೆ ಮುಟ್ಲಿ ಮೇಷ್ಟ್ರೇ. ಮುಂದಿನ ಸೀಟಲ್ಲಿ ಮದುವೆ ಹೆಣ್ಣಿನ ಥರ ಕೂರಿಸ್ಕೊಂಡು ಹೋಯ್ತೀನಿ."

ಅವನು ಮುಟ್ಟಲಿಲ್ಲ, ಪಾಪ.

ಸಾಹೇಬರು ನಾಲ್ಕಕ್ಕೆ ಬಂದು ಕೂತರು. ಮೇಷ್ಟ್ರು ಪಾಠ ಶುರು ಮಾಡಿದರು. "ಕೆಲವು ವರ್ಷದ ಹಿಂದೆ ಹಾರಿಸಿದ ಎರಡು ಉಪಗ್ರಹ, ಸೇರಬೇಕಾದ ಕಕ್ಷೆ ಸೇರದೆ, ಮೊಟ್ಟೆ ಆಕಾರದ ದಾರಿಗೆ ಬಿದ್ದವು. ಒಮ್ಮೆ ಭೂಮಿಗೆ ಹತ್ತಿರ ಬರೋದು, ಒಮ್ಮೆ ದೂರ ಹೋಗೋದು. ವಿಜ್ಞಾನಿಗಳು ಬಿಡಲಿಲ್ಲ. ದೂರ ಹೋದಾಗ ಒಳಗಿನ ಗಡಿಯಾರ ಬೇಗ, ಹತ್ತಿರ ಬಂದಾಗ ನಿಧಾನ ಓಡೋದನ್ನ ಅಳೆದರು. ಸಾಪೇಕ್ಷತಾ ಸಿದ್ಧಾಂತ ಸರಿ ಅಂತಾಯ್ತು."

ಅಷ್ಟರಲ್ಲಿ ಜೀಪು ಬಂತು. ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ದೇವೀರಪ್ಪ ತಾವೇ ಗಡಿಯಾರ ಹಿಡಿದು ಇಳಿದರು. ಶಾಲೆಯದರಲ್ಲಿ ನಾಲ್ಕು ಇಪ್ಪತ್ತು. ಗುಡ್ಡದ್ದರಲ್ಲಿ ನಾಲ್ಕೂವರೆ.

ಬಿಸಿಯೂಟದ ಬಸಮ್ಮ ಮೊದಲು ಬಾಯಿ ಬಿಟ್ಟಳು. "ಮೇಷ್ಟ್ರು ಹೇಳಿದ್ದು ದಿಟ. ಮ್ಯಾಲಿರೋರ್ಗೆ ಹೊತ್ತು ಬೇಗ್ನೆ ಹೋಯ್ತದೆ. ನಮ್ಗೆ ಒಲೆ ಮುಂದೆ ಹೋಗೋದೇ ಇಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ರೈಟರನ್ನು ಪಕ್ಕಕ್ಕೆ ಎಳೆದು, "ಮುಳ್ಳು ಮುಟ್ಟಿದ್ರಾ?" ಎಂದರು.

"ಮುಟ್ದೆ ಇರಕ್ಕಾಯ್ತದಾ? ಆಳುಗಳು ಲೇಟಾಗ್ಬಾರ್ದು ಅಂತ ಎಸ್ಟೇಟ್ ಗಡಿಯಾರ ಯಾವಾಗ್ಲೂ ಹತ್ತು ನಿಮಿಷ ಮುಂದೆ ಐತೆ. ನಿಮ್ದು ನೋಡಿದ್ರೆ ಹಿಂದೆ. ಸಾಹೇಬ್ರ ಮುಂದೆ ನಿಮ್ಮ ಮಾನ ಹೋಯ್ತದೆ ಅಂತ ಸರಿ ಮಾಡ್ಬುಟ್ಟೆ ಕಣ್ರೀ."

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಮೇಷ್ಟ್ರು ಮೇಷ್ಟ್ರೇ. ಮೈಕ್ ಹಿಡಿದು, "ಇದು ತಪ್ಪು ಸಾರ್. ರೈಟರು ಮುಳ್ಳು ತಿರುಗಿಸಿದ್ದಾರೆ. ವ್ಯತ್ಯಾಸ ಕಾಣಲೇಬಾರದು" ಎಂದುಬಿಟ್ಟರು.

ಸಾಹೇಬರು ಎದ್ದು ಬಂದು ಅವರ ಹೆಗಲ ಮೇಲೆ ಕೈಯಿಟ್ಟರು. "ಚಪ್ಪಾಳೆ ಬಿದ್ದ ಮೇಲೂ ತಪ್ಪು ಅಂತ ಹೇಳೋ ಮೇಷ್ಟ್ರನ್ನ ನಾನು ನೋಡೇ ಇಲ್ಲ ರೀ." ಜೇಬಿನಿಂದ ಅರ್ಜಿ ತೆಗೆದರು. ಮೇಷ್ಟ್ರು ಪೆನ್ನು ಮುಂದೆ ಚಾಚಿದರು. ಸಾಹೇಬರು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಮೇಷ್ಟ್ರ ಜೇಬಿಗೇ ಇಟ್ಟರು.

"ಇಂಥವರನ್ನ ಬಿಟ್ಟುಕೊಟ್ಟರೆ ಈ ಮಕ್ಕಳ ಗತಿಯೇನು? ಇನ್ನು ಮೂರು ವರ್ಷ ಇಲ್ಲೇ ಇರಿ. ದಾರಿ ತಪ್ಪಿದ ಉಪಗ್ರಹವೇ ಕೆಲಸಕ್ಕೆ ಬಂತು ಅಂತ ನೀವೇ ಹೇಳಿದ್ರಲ್ಲ."

ಮತ್ತೆ ಚಪ್ಪಾಳೆ ಬಿತ್ತು. ವಾಣಿಗೆ ಏನು ಹೇಳುವುದು ಎಂದು ತೋಚದೆ ಮೇಷ್ಟ್ರು ಎರಡೂ ಗಡಿಯಾರ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು.

ಚಾಂದ್ ಪಾಷಾ ಹತ್ತಿರ ಬಂದು ಕೂತ. "ಬೇಜಾರ್ ಮಾಡ್ಕೋಬೇಡಿ ಮೇಷ್ಟ್ರೇ. ಮ್ಯಾಲೆ ಎಸ್ಟೇಟ್ ಆಳುಗಳ ಲೈನಲ್ಲಿ ಒಂದು ಮನೆ ಖಾಲಿ ಐತೆ. ಅಲ್ಲಿದ್ರೆ ಮೂರು ವರ್ಷ ಬೇಗ್ನೆ ಕಳ್ದೋಯ್ತದೆ."