ಕಹಿಯ ಪ್ರಮಾಣಪತ್ರ

ಇಪ್ಪತ್ತಾರು ವರ್ಷಗಳ ದಾಂಪತ್ಯದಲ್ಲಿ ಲಿಫ್ಟ್ ಇನ್ಸ್‌ಪೆಕ್ಟರು ಹೆಂಡತಿಯ ಎದುರು ಗೆದ್ದ ವಾದ ಒಂದೇ ಒಂದು. ಎಲೆಕೋಸು, ಸಾಸಿವೆ ಸೊಪ್ಪು ಮತ್ತು ಆ ಕುಲಕ್ಕೆ ಸೇರಿದ ಯಾವ ಹಸಿರೂ ತಮ್ಮ ನಾಲಿಗೆಗೆ ವಿಷದಷ್ಟು ಕಹಿ ಎನ್ನುವುದು. ವಾರಕ್ಕೆ ಮೂರು ದಿನ ಹೆಂಡತಿ ಸೊಪ್ಪು ಬೇಯಿಸುತ್ತಿದ್ದಳು. ಇವರು ಮೊದಲ ತುತ್ತಿಗೇ ಕಣ್ಣು ಮುಚ್ಚಿ, ಮುಖವನ್ನು ಒದ್ದೆ ಬಟ್ಟೆಯ ಹಾಗೆ ಹಿಂಡುತ್ತಿದ್ದರು. ಆಕೆ ನಿಟ್ಟುಸಿರು ಬಿಟ್ಟು ಇವರ ತಟ್ಟೆಯದನ್ನು ತನ್ನ ತಟ್ಟೆಗೆ ಎಳೆದುಕೊಳ್ಳುತ್ತಿದ್ದಳು. (ಸರ್ಕಾರಿ ನೌಕರಿಯಲ್ಲಿ ಇಷ್ಟು ಸಲೀಸಾದ ವರ್ಗಾವಣೆಯನ್ನು ಅವರು ಕಂಡೇ ಇರಲಿಲ್ಲ.)

ಈ ಸುಖಕ್ಕೆ ಕಲ್ಲು ಹಾಕಿದವರು ಡಾಕ್ಟರು. ರಕ್ತಪರೀಕ್ಷೆಯ ಕಾಗದ ನೋಡಿ, ಕೊಬ್ಬು ಏರಿದೆ, ಸೊಪ್ಪು ತರಕಾರಿ ಜಾಸ್ತಿ ಮಾಡಿ ಅಂದರು. ಪಕ್ಕದಲ್ಲೇ ಹೆಂಡತಿ ಕೂತಿದ್ದಳು.

"ಇನ್ನು ಮೇಲೆ ನಿಮ್ಮ ತಟ್ಟೆ ನೀವೇ ಖಾಲಿ ಮಾಡಬೇಕು" ಅಂದಳು ಮನೆಗೆ ಬಂದ ಮೇಲೆ. ಆಕೆ ಶಾಲೆಯ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ದನಿ ಏರಿಸದೆ ನೂರು ಮಕ್ಕಳನ್ನು ಸುಮ್ಮನಾಗಿಸಬಲ್ಲಳು. ಒಬ್ಬ ಗಂಡ ಯಾವ ಲೆಕ್ಕ.

"ನನ್ನ ನಾಲಿಗೆ ಒಪ್ಪಬೇಕಲ್ಲ."

"ಮಾತ್ರೆ ನುಂಗಲ್ವಾ? ಹಾಗೇ ನುಂಗಿ."

"ಮಾತ್ರೆಯನ್ನ ಯಾರೂ ಬಟ್ಟಲು ತುಂಬ ಬಡಿಸಲ್ಲ."

ಅದೇ ವಾರ ಇನ್ಸ್‌ಪೆಕ್ಟರಿಗೆ ಜ್ಞಾನೋದಯವಾಯಿತು. ಆದದ್ದು ಮೂರು ಮತ್ತು ನಾಲ್ಕನೆಯ ಮಹಡಿಗಳ ನಡುವೆ. ಹಲವು ಕ್ಲಿನಿಕ್‌ಗಳಿದ್ದ ಕಟ್ಟಡವೊಂದರಲ್ಲಿ ಬ್ರೇಕ್ ಪರೀಕ್ಷೆಗೆಂದು ಲಿಫ್ಟನ್ನು ಅರ್ಧದಲ್ಲಿ ನಿಲ್ಲಿಸಿಕೊಂಡು ನಿಂತಿದ್ದಾಗ, ಗೋಡೆಗೆ ಅಂಟಿಸಿದ್ದ ಜಾಹೀರಾತು ಕಣ್ಣಿಗೆ ಬಿತ್ತು. ಒಬ್ಬೊಬ್ಬರ ವಂಶವಾಹಿ ಒಂದೊಂದು ಥರ ಇರುವಾಗ ಎಲ್ಲರಿಗೂ ಒಂದೇ ಪಥ್ಯ ಯಾಕೆ ಎಂದು ಅದು ಕೇಳುತ್ತಿತ್ತು. ಕೆಲವರಿಗೆ ಹಾಲು ಒಗ್ಗದು. ಕೆಲವರ ಮೈಯಲ್ಲಿ ಕಾಫಿ ಬಹಳ ಹೊತ್ತು ಉಳಿಯುತ್ತದೆ. ಕೆಲವರ ನಾಲಿಗೆ ಹುಟ್ಟಿನಿಂದಲೇ ಕಹಿಯನ್ನು ಹೆಚ್ಚು ಹಿಡಿಯುತ್ತದೆ.

ಮೂರನೆಯ ಮಾತನ್ನು ಅವರು ಮೂರು ಸಲ ಓದಿದರು. ಅಪ್ಪಿಕೊಳ್ಳಲು ಆ ಲಿಫ್ಟಿನಲ್ಲಿ ಇನ್ನೊಬ್ಬರು ಇರಲಿಲ್ಲ, ಅಷ್ಟೇ.

ಅವರ ವೃತ್ತಿಧರ್ಮ ಹೇಳುವುದು ಇಷ್ಟು. ಲಿಫ್ಟು ಗಟ್ಟಿಯಾಗಿದ್ದರೆ ಸಾಲದು, ಗಟ್ಟಿ ಎಂದು ಬರೆದು ಮೊಹರು ಒತ್ತಿದ ಕಾಗದ ಗೋಡೆಯ ಮೇಲಿರಬೇಕು. ತಮ್ಮ ನಾಲಿಗೆಗೂ ಅಂಥದೊಂದು ಸಿಕ್ಕಿದರೆ ಗಾಜು ಹಾಕಿಸಿ ಅಡುಗೆಮನೆಯಲ್ಲಿ ನೇತುಹಾಕಬಹುದು.

"ಇದು ಹಟ ಅಲ್ಲ ಕಣೇ, ವಂಶವಾಹಿ. ನಮ್ಮಪ್ಪನೂ ಸೊಪ್ಪು ಮುಟ್ಟುತ್ತಿರಲಿಲ್ಲ" ಅಂದರು ಮನೆಗೆ ಬಂದು.

"ನಿಮ್ಮಪ್ಪನ ಹಟವನ್ನೂ ನೋಡಿದ್ದೀನಿ. ಅದು ಯಾವ ವಾಹಿ?"

ಇಷ್ಟಾದರೂ ಸಾಕ್ಷಿಗೆಂದು ಅವಳನ್ನೇ ಕರೆದುಕೊಂಡು ಹೋದರು. ಜಾಹೀರಾತು ಕೊಟ್ಟ ಕ್ಲಿನಿಕ್ಕಿನಲ್ಲಿದ್ದವಳು ಮೆಲುದನಿಯ ಆಹಾರ ತಜ್ಞೆ. "ಒಂದೇ ಅಡುಗೆಮನೆಯವರು ಇಬ್ಬರೂ ಪರೀಕ್ಷೆ ಮಾಡಿಸಿಕೊಂಡರೆ ಒಳ್ಳೇದು" ಎಂದು ಇಬ್ಬರ ಕೈಗೂ ಒಂದೊಂದು ನಳಿಗೆ ಕೊಟ್ಟು ಉಗಿಯಲು ಹೇಳಿದಳು. ಇನ್ಸ್‌ಪೆಕ್ಟರು ಗೆರೆ ಮೀರಿ ತುಂಬಿಸಿದರು. ಹೆಂಡತಿಗೆ ಸಂಕೋಚ. ಗಂಡನಿಗೆ ಉಗಿದು ಅಭ್ಯಾಸವಿತ್ತೇ ಹೊರತು ನಳಿಗೆಗೆ ಇರಲಿಲ್ಲ.

ವರದಿಗೆ ಮೂರು ವಾರ. ಅಷ್ಟೂ ದಿನ ಅವರು ಸೊಪ್ಪಿನ ಬಟ್ಟಲನ್ನು "ವಿಷಯ ಪರಿಶೀಲನೆಯಲ್ಲಿದೆ" ಎಂದು ಹೇಳಿ ಅತ್ತ ಸರಿಸಿದರು.

ಕೊನೆಗೆ ಆ ದಿನ ಬಂತು. ತಜ್ಞೆ ಲಕೋಟೆ ಬಿಚ್ಚುವ ಮೊದಲು ಇಬ್ಬರ ಮುಂದೆಯೂ ತೆಳುವಾದ ಎರಡೆರಡು ಕಾಗದದ ಪಟ್ಟಿಗಳನ್ನು ಇಟ್ಟಳು.

"ಒಂದು ಸಣ್ಣ ಪರೀಕ್ಷೆ. ಮೊದಲನೆಯದನ್ನ ನಾಲಿಗೆ ಮೇಲೆ ಇಟ್ಕೊಂಡು ಹೇಗಿದೆ ಹೇಳಿ."

ಇನ್ಸ್‌ಪೆಕ್ಟರು ಇಟ್ಟುಕೊಂಡರು. ಇಪ್ಪತ್ತಾರು ವರ್ಷದ ಸಾಧನೆ ಒಟ್ಟಿಗೆ ಮುಖಕ್ಕೆ ಬಂತು. ಹುಬ್ಬು ಗಂಟಾಯಿತು, ಕೆನ್ನೆ ಒಳಗೆ ಹೋಯಿತು, ಒಂದು ಕೈ ಮೇಜಿನ ಅಂಚು ಹಿಡಿಯಿತು. "ತಡೆಯೋಕಾಗಲ್ಲ ಅಮ್ಮ" ಎಂದು ನರಳಿ, ಕಣ್ಣಿನ ಅಂಚಿನಲ್ಲೇ ಹೆಂಡತಿಯ ಕಡೆ ನೋಡಿದರು.

"ನನಗೇನೂ ಗೊತ್ತಾಗ್ತಿಲ್ಲ. ಬರೀ ಕಾಗದ" ಅಂದಳು ಹೆಂಡತಿ.

ಪಾಪ, ಮೊಂಡು ನಾಲಿಗೆ, ಅಂದುಕೊಂಡರು.

ಎರಡನೆಯ ಪಟ್ಟಿ. ಇನ್ಸ್‌ಪೆಕ್ಟರು ಎರಡು ಸಲ ಚಪ್ಪರಿಸಿದರು. ಇದು ಹೋಲಿಕೆಗೆ ಇಟ್ಟಿರುವ ಖಾಲಿ ಕಾಗದ ಎಂದು ಅನುಭವಸ್ಥರಂತೆ ಊಹಿಸಿ, "ಇದರಲ್ಲಿ ಏನೂ ಇಲ್ಲ ಬಿಡಿ" ಅಂದರು. ಪಕ್ಕದಿಂದ ಕೆಮ್ಮಿನ ಸದ್ದು. ಹೆಂಡತಿ ಪಟ್ಟಿಯನ್ನು ಕರವಸ್ತ್ರಕ್ಕೆ ಉಗಿದು, ನೀರು ತುಂಬಿದ ಕಣ್ಣಿನಲ್ಲೇ ಲೋಟಕ್ಕೆ ತಡಕಾಡುತ್ತಿದ್ದಳು.

ತಜ್ಞೆ ನೀರು ಕೊಟ್ಟು ನಿಧಾನವಾಗಿ ಹೇಳಿದಳು. "ಸರ್, ಮೊದಲನೆಯದೇ ಖಾಲಿ ಕಾಗದ. ಕಹಿ ಸವರಿದ್ದು ಎರಡನೆಯದಕ್ಕೆ."

ಇನ್ಸ್‌ಪೆಕ್ಟರು ಮೊದಲನೆಯ ಪಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

ವರದಿಯೂ ಅದನ್ನೇ ಹೇಳಿತು. ಕಹಿ ಹಿಡಿಯುವ ಆ ವಂಶವಾಹಿ ಎಲ್ಲರಿಗೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದಂತೆ. ಇನ್ಸ್‌ಪೆಕ್ಟರಿಗೆ ಬಂದ ಎರಡೂ ಮಂದ. ಹೆಂಡತಿಯವು ಎರಡೂ ಚುರುಕು.

"ಸ್ಯಾಂಪಲ್ ಏನಾದರೂ ಅದಲುಬದಲು..." ಎಂದು ಇವರು ಕ್ಷೀಣವಾಗಿ ಕೇಳಿದರು.

"ನಾಲಿಗೆ ಅದಲುಬದಲಾಗಿಲ್ಲವಲ್ಲ ಸರ್." ಅವಳು ಪುಟ ತಿರುವಿದಳು. "ವಂಶವಾಹಿ ಎಲ್ಲವನ್ನೂ ಹೇಳಲ್ಲ, ಅಭ್ಯಾಸದ್ದೂ ದೊಡ್ಡ ಪಾಲಿದೆ. ಆದರೂ ಮೇಡಂ ಕಷ್ಟಪಟ್ಟು ಎಲೆಕೋಸೇ ತಿನ್ನಬೇಕಾಗಿಲ್ಲ. ಕ್ಯಾರೆಟ್ಟು, ಕುಂಬಳಕಾಯಿ ತಿನ್ನಲಿ. ನೀವು ಧಾರಾಳವಾಗಿ ಸೊಪ್ಪು ತಿನ್ನಬಹುದು. ಇನ್ನೊಂದು ವಿಷಯ, ಕಾಫಿ ನಿಮ್ಮ ಮೈಯಿಂದ ನಿಧಾನವಾಗಿ ಇಳಿಯುತ್ತೆ. ದಿನಕ್ಕೆ ಎಷ್ಟು?"

"ಎರಡು" ಅಂದರು ಇವರು.

"ಐದು" ಅಂದಳು ಹೆಂಡತಿ.

"ಒಂದು ಮಾಡಿ" ಎಂದು ತಜ್ಞೆ ಬರೆದುಕೊಂಡಳು.

ರಸ್ತೆಗೆ ಬಂದ ಮೇಲೆ ಹೆಂಡತಿ ವರದಿಯನ್ನು ನೀಟಾಗಿ ಮಡಿಚಿ ಚೀಲಕ್ಕೆ ಹಾಕಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವರಿಗೆ. ಸಿಗ್ನಲ್ಲಿನ ಹತ್ತಿರ ನಿಂತಾಗ ಆಕೆ, ಎದುರಿನ ಅಂಗಡಿಯ ಬೋರ್ಡು ನೋಡುತ್ತಾ ಹೇಳಿದಳು:

"ನನಗೆ ಅದು ಮೊದಲಿನಿಂದಲೂ ಕಹಿಯೇ. ಎಲ್ಲರಿಗೂ ಹಾಗೇ ಇರುತ್ತೆ, ದೊಡ್ಡವರಾದ ಮೇಲೆ ಸುಮ್ಮನೆ ತಿನ್ನಬೇಕು ಅಂದ್ಕೊಂಡಿದ್ದೆ. ನೀವು ಮುಖ ಹಿಂಡಿದಾಗೆಲ್ಲ, ನನಗೇ ಇಷ್ಟಾದರೆ ಇವರಿಗೆ ಇನ್ನೆಷ್ಟೋ ಅಂತ ನಿಮ್ಮ ಪಾಲೂ ತಿಂದೆ."

ಆ ಹೊತ್ತಿಗೆ ಸರಿಯಾಗಿ ಒಂದು ಬಸ್ಸು ಹಾದುಹೋಗಿ ಉತ್ತರಕ್ಕೆ ಒಂದಷ್ಟು ವಾಯಿದೆ ಕೊಟ್ಟಿತು.

"ಮತ್ತೆ ನಿಮಗೆ ಏನಾಗ್ತಿತ್ತು?" ಬಸ್ಸು ದಾಟಿದ ಮೇಲೆ ಆಕೆ ಕೇಳಿದಳು.

"ನಾರು ನಾರು. ಅಗಿಯೋಕೆ ಬೇಜಾರು" ಅಂದರು. ಅಷ್ಟು ವರ್ಷದಲ್ಲಿ ಸೊಪ್ಪಿನ ಬಗ್ಗೆ ಅವರು ಆಡಿದ ಮೊದಲ ನಿಜ ಅದು.

ಸಂಜೆ ಊಟಕ್ಕೆ ಆಕೆ ತನಗೆ ಕ್ಯಾರೆಟ್ಟು ಬಡಿಸಿಕೊಂಡು, ಅವರ ಮುಂದೆ ಸಾಸಿವೆ ಸೊಪ್ಪಿನ ಬಟ್ಟಲಿಟ್ಟಳು. ಎಳೆದುಕೊಳ್ಳಲು ಯಾರ ಕೈಯೂ ಬರಲಿಲ್ಲ. ಬೇರೆ ದಾರಿ ಕಾಣದೆ ಅವರು ತುತ್ತನ್ನು ಪೂರ್ತಿ ಅಗಿದರು. ಇನ್ನೊಂದನ್ನೂ ಅಗಿದರು. ಉಪ್ಪು ಹದವಾಗಿತ್ತು, ಹಿಂದೆ ನವಿರಾದ ಒಂದು ಘಾಟು, ಅದರಾಚೆ ಸಣ್ಣಗೆ ಸಿಹಿ. ನೋಡನೋಡುತ್ತ ಬಟ್ಟಲ ತಳ ಕಂಡಿತು. ಪಾತ್ರೆಯಲ್ಲಿ ಇನ್ನೂ ಅರ್ಧ ಇತ್ತು.

"ಕಷ್ಟ ಆಯ್ತಾ?" ಹೆಂಡತಿ ಕೇಳಿದಳು. ದನಿಯಲ್ಲಿ ನಿಜವಾದ ಮರುಕವಿತ್ತು, ಅಥವಾ ಇದ್ದ ಹಾಗಿತ್ತು.

ಇನ್ನಷ್ಟು ಬಡಿಸು ಎಂದು ಕೇಳುವುದೊಂದೇ ಬಾಕಿ. ಮಾನ ಅಡ್ಡ ಬಂತು.

"ಬಹಳ" ಅಂದರು.

"ಸರಿ, ಇವತ್ತಿಗೆ ಅಷ್ಟು ಸಾಕು. ಮಿಕ್ಕದ್ದನ್ನ ಪಕ್ಕದ ಮನೆಗೆ ಕೊಟ್ಟು ಬರ್ತೀನಿ, ಅವರು ಇಷ್ಟಪಟ್ಟು ತಿಂತಾರೆ."

ಪಾತ್ರೆಯ ಮೇಲೆ ತಟ್ಟೆ ಮುಚ್ಚಿಕೊಂಡು ಆಕೆ ಹೊರಟಳು. ಇನ್ಸ್‌ಪೆಕ್ಟರು ಬಾಗಿಲವರೆಗೂ ಪಾತ್ರೆಯನ್ನು ಕಣ್ಣಿನಲ್ಲೇ ಕಳಿಸಿಕೊಟ್ಟು, ಯಾರೂ ಇಲ್ಲದ್ದನ್ನು ಖಚಿತಪಡಿಸಿಕೊಂಡು, ಬಟ್ಟಲಿನ ಅಂಚನ್ನು ಬೆರಳಿನಿಂದ ಬಳಿದು ನೆಕ್ಕಿದರು.