ಬೋರವ್ವನ ಡಬ್ಬಿ

ಬೆಳಿಗ್ಗೆ ಏಳೂವರೆ. ಅಡಿಗೆಮನೆಯ ಕಟ್ಟೆಯ ಮೇಲೆ ಒಂದು ಸ್ಟೀಲ್ ಡಬ್ಬಿ ಇತ್ತು. ಅದು ಖಾಲಿ ಇತ್ತು.

ಬೇರೆ ಊರಿನಲ್ಲಾದರೆ ಇದೊಂದು ಸುದ್ದಿಯಲ್ಲ. ಆದರೆ ಮಾರಿಟ್ ಅದನ್ನು ನೋಡಿದ್ದು ಹುನಗುಂದದಲ್ಲಿ, ಮುರ್ತುಜಸಾಬರ ಮನೆಯಲ್ಲಿ. ಹಿಂದಿನ ರಾತ್ರಿ ಎದುರುಮನೆಯ ಬೋರವ್ವ ಅದರ ತುಂಬ ಗೋದಿ-ಬೆಲ್ಲದ ಮಾದ್ಲಿ ಹಾಕಿಕೊಂಡು ಬಂದಿದ್ದಳು. "ತಗೋ, ಬಿಸಿ ಐತಿ" ಎಂದು ಮಾರಿಟ್‌ಳ ಕೈಗಿಟ್ಟು ಹೋಗಿದ್ದಳು. ಮಾದ್ಲಿ ರಾತ್ರಿಯೇ ಮುಗಿದಿತ್ತು. ಡಬ್ಬಿ ಉಳಿದಿತ್ತು.

ಮಾರಿಟ್ ಎಸ್ಟೋನಿಯಾದ ಹುಡುಗಿ. ಅಲ್ಲಿನ ಕಾಲೇಜಿನಲ್ಲಿ ನೇಯ್ಗೆ ಓದುತ್ತಿದ್ದಳು. ಇಲಕಲ್ ಸೀರೆಯ ಕೆಲಸ ಕಲಿಯಲು ಐದು ತಿಂಗಳ ಮಟ್ಟಿಗೆ ಬಂದು ಮುರ್ತುಜಸಾಬ ಮತ್ತು ಮಲಿಕಾ ದಂಪತಿಯ ಮನೆಯಲ್ಲಿ ಉಳಿದುಕೊಂಡಿದ್ದಳು. ಅವಳ ಊರಿನಲ್ಲಿ ಪಕ್ಕದ ಮನೆಯವರ ಹೆಸರು ತಿಳಿಯಬೇಕಾದರೆ ವರ್ಷಗಳು ಬೇಕು. ಇಲ್ಲಿ ಅವಳು ಬಂದ ವಾರದೊಳಗೇ ಅವಳ ಚಪ್ಪಲಿಯ ಅಳತೆ ಓಣಿಗೆಲ್ಲ ಗೊತ್ತಾಗಿತ್ತು.

ಆ ಮೊದಲ ವಾರದಲ್ಲೇ ಅವಳೊಂದು ತಪ್ಪು ಮಾಡಿದ್ದಳು. ಪಕ್ಕದ ಮನೆಯ ತಸ್ಲೀಮಾ ಪಲಾವು ಕೊಟ್ಟಿದ್ದ ಬೋಗುಣಿಯನ್ನು ಕನ್ನಡಿಯಂತೆ ತಿಕ್ಕಿ, ತೊಳೆದು, ಖಾಲಿಯಾಗಿಯೇ ತಿರುಗಿ ಕೊಟ್ಟುಬಿಟ್ಟಿದ್ದಳು. ಸಂಜೆಯ ಹೊತ್ತಿಗೆ ತಸ್ಲೀಮಾ ಗೋಡೆಯ ಆಚೆಯಿಂದ ಕೇಳಿದ್ದಳು: "ಯಾಕ ಮಲಿಕಾ, ನಿಮ್ಮ ಮನ್ಯಾಗ ಹಿಡಿ ಸಕ್ರಿನೂ ಇಲ್ಲೇನ?" ಮಲಿಕಾ ಬೈಯಲಿಲ್ಲ. ತಲೆ ತಗ್ಗಿಸಿ, "ಮಂದಿ ಡಬ್ಬಿ ಖಾಲಿ ತಿರುಗಿ ಕೊಡಬಾರ್ದ ಬೇಟಾ" ಎಂದಳು. ಬೈದಿದ್ದರೆ ಮಾರಿಟ್ ಮರೆಯುತ್ತಿದ್ದಳು. ಆ ತಗ್ಗಿದ ತಲೆಯನ್ನು ಮರೆಯಲಾಗಲಿಲ್ಲ.

ಈ ದಿನ ಮಲಿಕಾ, ಮುರ್ತುಜಸಾಬ ಇಬ್ಬರೂ ನಸುಕಿನಲ್ಲೇ ಬಾದಾಮಿಗೆ ನೆಂಟರ ಮದುವೆಗೆ ಹೋಗಿದ್ದರು. ಮಾರಿಟ್ ಹನ್ನೊಂದಕ್ಕೆ ಇಲಕಲ್ಲಿನಲ್ಲಿರಬೇಕಿತ್ತು. ಬಾಗಲಕೋಟೆಯಿಂದ ಸವಿತಾ ಮೇಡಂ ಬಂದು ಅವಳ ಕೊನೆಯ ಪರೀಕ್ಷೆ ತೆಗೆದುಕೊಳ್ಳುವವರಿದ್ದರು. ಮೇಡಂ ಮತ್ತೊಮ್ಮೆ ಬರುವವರಲ್ಲ. ಪರೀಕ್ಷೆ ತಪ್ಪಿದರೆ ಐದು ತಿಂಗಳು ಕೂತದ್ದೆಲ್ಲ ದಂಡ, ಊರಿಗೆ ಹೋಗಿ ಮತ್ತೊಂದು ವರ್ಷ ಓದಬೇಕು. ಬಸ್ಸಿಗೆ ಇನ್ನೂ ಹೊತ್ತಿತ್ತು. ಬೋರವ್ವನ ಡಬ್ಬಿ ಕೊಟ್ಟು ಹೋದರಾಯಿತು ಎಂದುಕೊಂಡಳು.

ಡಬ್ಬಿಗೆ ಒಂದು ಹಿಡಿ ಸಕ್ಕರೆ ಹಾಕಿ ರಸ್ತೆ ದಾಟಿದಳು. ಬೋರವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು.

"ನಮಸ್ಕಾರ. ದಯವಿಟ್ಟು ಇದನ್ನು ಸ್ವೀಕರಿಸಬೇಕು," ಎಂದಳು ಮಾರಿಟ್. ಅವಳು ಕನ್ನಡ ಕಲಿತದ್ದು ಪುಸ್ತಕದಿಂದ.

"ಅಯ್ಯ ನಮ್ಮವ್ವ! ಸಭಾದಾಗ ನಿಂತು ಭಾಷಣ ಮಾಡಿದಂಗ ಮಾಡ್ತಾಳ!" ಬೋರವ್ವ ಮುಚ್ಚಳ ತೆಗೆದಳು. "ಸಕ್ರಿ? ಇವತ್ತ ಮಲಿಕಾ ಸಕ್ರಿ ಯಾಕ ಕಳಸ್ಯಾಳ? ನಿಂದ್ರ ಮಾರಿಟವ್ವ, ಹಂಗ ಹೋಗಬ್ಯಾಡ."

ಒಳಗೆ ಹೋದವಳು ಮಾರಿಟ್ ಒಮ್ಮೆ ಕೆಮ್ಮಿ ಮುಗಿಸುವಷ್ಟರಲ್ಲಿ ಹೊರಗೆ ಬಂದಳು. ಡಬ್ಬಿಯ ತುಂಬ ಶೇಂಗಾ ಹೋಳಿಗೆ ಇತ್ತು. ಅದು ಮಾರಿಟ್‌ಳ ಕೈಗೇ ಬಂತು.

ಮನೆಗೆ ಬಂದು ಮಾರಿಟ್ ಡಬ್ಬಿಯನ್ನು ದಿಟ್ಟಿಸಿದಳು. ಸಕ್ಕರೆ ಕೊಟ್ಟು ಹೋಳಿಗೆ ತಂದದ್ದಾಗಿತ್ತು. ಬೋರವ್ವನ ಡಬ್ಬಿ ಇನ್ನೂ ತನ್ನಲ್ಲೇ ಇತ್ತು. ಹೋಳಿಗೆಯನ್ನು ತಾಟಿಗೆ ಸುರಿದಳು. ಸಕ್ಕರೆ ಮುಗಿದಿತ್ತು. ತನ್ನ ಚೀಲದಲ್ಲಿ ತಾಯಿಗೆಂದು ತಂದಿಟ್ಟಿದ್ದ ಅಮೀನಗಡದ ಕರದಂಟು ಇತ್ತು. ಅವ್ವ ಸಿಟ್ಟಾಗಲಾರಳು, ಓಣಿ ಸಿಟ್ಟಾಗಬಹುದು. ಕರದಂಟು ಡಬ್ಬಿ ಸೇರಿತು.

ಮುಚ್ಚಳ ತೆಗೆಯುತ್ತಲೇ ಬೋರವ್ವನ ಕಣ್ಣುಗಳು ಮೊದಲು ಅರಳಿದವು, ಆಮೇಲೆ ಸಣ್ಣಗಾದವು.

"ಏನ್ರೀ, ಇಲ್ಲೆ ಬರ್ರಿ!" ಎಂದು ಗಂಡನನ್ನು ಕೂಗಿದಳು. "ಮಲಿಕಾ ಕರದಂಟ ಕಳಸ್ಯಾಳ! ನಮ್ಮನ್ನ ಏನಂತ ತಿಳಕೊಂಡಾಳ?"

ಬಂಡೆಪ್ಪ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಳ್ಳುತ್ತ ಬಂದ. ಕರದಂಟಿನ ಒಂದು ತುಣುಕು ಬಾಯಿಗೆ ಹಾಕಿಕೊಂಡು ತೀರ್ಪು ಕೊಟ್ಟ: "ಬೆಣ್ಣಿ ಹಾಕಿ ಕೊಡು. ನಮ್ಮ ಎಮ್ಮಿ ಏನು ಬತ್ತ್ಯಾವೇನ?"

ಬೇಡವೆಂದು ಎರಡೂ ಕೈ ಬೀಸಿದ ಮಾರಿಟ್‌ಗೆ ಈ ಬಾರಿ ಡಬ್ಬಿಯ ತುಂಬ ಬೆಣ್ಣೆ ಸಿಕ್ಕಿತು.

ಗೋಡೆಯ ಮೇಲೆ ಅರ್ಧ ತಸ್ಲೀಮಾ ಕಾಣುತ್ತಿದ್ದಳು. ಈ ಓಣಿಯ ಯಾವ ಜಗಳವನ್ನೂ ಅವಳು ಪೂರ್ತಿಯಾಗಿ ಬಂದು ನೋಡಿದವಳಲ್ಲ, ಯಾವುದನ್ನೂ ಬಿಟ್ಟವಳೂ ಅಲ್ಲ.

"ಬೆಣ್ಣಿ ಕೊಟ್ಟಾಳ? ಹಂಗಾರ ಕೆಲಸ ಕೆಟ್ಟಿತು," ಎಂದಳು. "ಬೆಣ್ಣಿಗಿಂತ ಕಡಿಮಿದು ಹಾಕಿ ಕಳಿಸಿದ್ಯೋ, ಮಲಿಕಾನ ಮೂಗು ಹೋತಂತ ತಿಳಿ."

"ಮೂಗಿಗೆ ಏನಾಗುತ್ತದೆ?" ಮಾರಿಟ್ ಗಾಬರಿಯಾದಳು.

"ಅದನ್ನ ಆಮ್ಯಾಲೆ ಹೇಳ್ತೇನಿ. ತಗೋ, ನಮ್ಮಣ್ಣ ಹಜ್‌ದಿಂದ ತಂದ ಖರ್ಜೂರ. ಇದರ ಮುಂದ ಯಾವ ಎಮ್ಮಿನೂ ನಿಂದ್ರಂಗಿಲ್ಲ. ಮತ್ತ ಈ ಸಲ ಕೈಯಾಗ ಕೊಡಬ್ಯಾಡ. ಕೈಯಾಗ ಕೊಟ್ರ ಅಕಿ ಬಿಡಾಕಿ ಅಲ್ಲ. ಕಟ್ಟಿ ಮ್ಯಾಲೆ ಇಟ್ಟು ಓಡು."

ಉಪಾಯ ಚೆನ್ನಾಗಿತ್ತು. ಹೊತ್ತೂ ಮೀರಿತ್ತು. ಮಾರಿಟ್ ಬೆಣ್ಣೆಯನ್ನು ಬೋಗುಣಿಗೆ ತೆಗೆದಿಟ್ಟು, ಖರ್ಜೂರ ತುಂಬಿದ ಡಬ್ಬಿಯನ್ನು ಬೋರವ್ವನ ಕಟ್ಟೆಯ ಮೇಲೆ ಇಟ್ಟು, "ನಮಸ್ಕಾರ!" ಎಂದು ಒಮ್ಮೆ ಕೂಗಿ, ಬೇಲಿ ಹಾರಿದ ಕರುವಿನಂತೆ ಬಸ್ ಸ್ಟ್ಯಾಂಡಿನ ಕಡೆ ಓಡಿದಳು. ಓಣಿಯ ನಾಯಿಗಳು ಕಾರಣ ಕೇಳದೆ ಜೊತೆಗೆ ಓಡಿದವು.

ಇಲಕಲ್ ಬಸ್ಸು ಸಿಕ್ಕಿತು. ಕಿಟಕಿಯ ಪಕ್ಕದ ಸೀಟೂ ಸಿಕ್ಕಿತು. ಬಸ್ಸು ಜನ ತುಂಬಿಸಿಕೊಳ್ಳುತ್ತ ನಿಂತೇ ಇತ್ತು. ಮಾರಿಟ್ ಬೆವರು ಒರೆಸಿಕೊಂಡು, ಐದು ತಿಂಗಳಲ್ಲಿ ಮೊದಲ ಸಲ ಈ ಓಣಿಯನ್ನು ಗೆದ್ದೆ ಎಂದುಕೊಂಡಳು. ಬಸ್ಸು ಹೊರಡುವಷ್ಟರಲ್ಲಿ ಹಾರ್ನ್ ಬಾರಿಸುತ್ತ ಒಂದು ಬೈಕು ಅಡ್ಡ ಬಂತು. ಬೈಕಿನ ಮೇಲೆ ಬಂಡೆಪ್ಪ ಇದ್ದ. ಅವನ ಕಂಬಳಿಯ ಮಡಿಕೆಯಲ್ಲಿ ಡಬ್ಬಿ ಇತ್ತು.

"ಮಾರಿಟವ್ವಾ! ಡಬ್ಬಿ ಬಿಟ್ಟು ಹೊಂಟೀಯಲ್ಲ! ಎಷ್ಟರ ಮರವು ನಿನಗ!"

"ಬೇಡ! ದಯವಿಟ್ಟು ಬೇಡ!"

"ಬ್ಯಾಡಂದ್ರ ಹೆಂಗ? ರೊಟ್ಟಿ ಐತಿ, ಬದನಿಕಾಯಿ ಪಲ್ಲೆ ಐತಿ, ಪರೀಕ್ಷಾಕ್ಕ ಹೊಂಟಾಕಿ, ಹಸಗೊಂಡು ಹೋಗಬಾರ್ದು!"

ಅವನು ಕಿಟಕಿಯಿಂದ ಡಬ್ಬಿಯನ್ನು ಅವಳ ತೊಡೆಯ ಮೇಲೆ ಇಳಿಸಿದ. ಬಸ್ಸಿನವರೆಲ್ಲ ಮೆಚ್ಚಿ ತಲೆದೂಗಿದರು. "ಇಂಥಾ ಮಂದಿ ಸಿಗೂದು ಪುಣ್ಯ ನೋಡವ್ವ," ಎಂದಳು ಪಕ್ಕದ ಅಜ್ಜಿ. ಮಾರಿಟ್‌ಗೆ ಅಳು ಬಂದಿತ್ತು. ಅಜ್ಜಿ ಅದನ್ನು ಆನಂದದ ಕಣ್ಣೀರು ಎಂದು ತಿಳಿದು ತಾನೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇಲಕಲ್ಲಿನಲ್ಲಿ, ಅವಳಿಗೆ ಕೆಲಸ ಕಲಿಸಿದ ನೇಕಾರ ಅಮಾತೆಪ್ಪನ ಮನೆಯ ಮಗ್ಗದ ಮುಂದೆ ಸವಿತಾ ಮೇಡಂ ಆಗಲೇ ಕೂತಿದ್ದರು. ಹುಬ್ಬು ಗಂಟಿಕ್ಕಿದ್ದರು. ಮಾರಿಟ್ ಡಬ್ಬಿಯನ್ನು ಮೂಲೆಯಲ್ಲಿಟ್ಟು, ಕೈ ತೊಳೆದು, ಮಗ್ಗದ ಕೆಳಗಿನ ಗುಣಿಯೊಳಗೆ ಕಾಲಿಟ್ಟು ಕೂತಳು. ಕೆಲಸ ಇದ್ದದ್ದು ಇಷ್ಟೇ. ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನು ಒಡಲಿನ ಹತ್ತಿ ಎಳೆಗಳಿಗೆ ಕೊಂಡಿ ಹಾಕಿ ಸೇರಿಸಬೇಕು. ಒಂದು ಎಳೆ ತಪ್ಪಿದರೆ ಸೆರಗೇ ಬಿಡುತ್ತದೆ. ಮಾರಿಟ್ ಮೊದಲ ಎಳೆ ಹಿಡಿದು ಕೊಂಡಿ ಹಾಕತೊಡಗಿದಳು. ದಾರ ಮಾತಾಡುವುದಿಲ್ಲ, ಎದುರು ಏನನ್ನೂ ತುಂಬಿ ಕೊಡುವುದಿಲ್ಲ.

ಮೇಡಂ ಕನ್ನಡಕ ಏರಿಸಿ ಕೊಂಡಿಗಳನ್ನು ಒಂದೊಂದಾಗಿ ಎಳೆದು ನೋಡಿದರು. ಒಂದೂ ಬಿಚ್ಚಲಿಲ್ಲ.

"ಪಾಸು," ಎಂದರು. ಹಾಳೆಗೆ ಸಹಿ ಹಾಕಿ, ಪೆನ್ನು ಮುಚ್ಚಿ, ಆಮೇಲೆ ಮೂಲೆಯ ಕಡೆ ನೋಡಿದರು. "ಸಹಿ ಮುಗೀತು. ಇನ್ನ ಕೇಳಬಹುದು. ಆ ಡಬ್ಬ್ಯಾಗ ಬದನಿಕಾಯಿ ಐತೇನ? ನಸುಕಿನ್ಯಾಗ ಬಿಟ್ಟೇನಿ, ಹೊಟ್ಟಿಗೆ ಏನೂ ಇಲ್ಲ."

ಮೂವರೂ ಉಂಡರು. ಡಬ್ಬಿಯನ್ನು ಅಮಾತೆಪ್ಪ ತಾನೇ ತೊಳೆದು ತಂದ. ಅದರ ತುಂಬ ದಾಳಿಂಬರಿ ಇತ್ತು. "ಖಾಲಿ ಡಬ್ಬಿ ಹೆಂಗ ಕೊಡ್ಲಿ?" ಎಂದ. ಮಾರಿಟ್ ಎರಡೂ ಕೈ ಚಾಚಿ ತೆಗೆದುಕೊಂಡಳು. ಅವಳಿಗೆ ಅಭ್ಯಾಸವಾಗಿತ್ತು.

ಸಂಜೆ ಅವಳು ಓಣಿಗೆ ಮರಳಿದಾಗ ಅದೃಷ್ಟ ಅವಳ ಕಡೆಗಿತ್ತು. ಬೋರವ್ವ, ಬಂಡೆಪ್ಪ ಇಬ್ಬರೂ ಬೀರಪ್ಪನ ಗುಡಿಗೆ ಹೋಗಿದ್ದರು. ಬಾಗಿಲು ಬರೀ ಮುಂದಕ್ಕೆ ಎಳೆದಿತ್ತು. ಮಾರಿಟ್ ಚಪ್ಪಲಿ ಬಿಟ್ಟು ಒಳಗೆ ಹೋದಳು. ಅಡಿಗೆಮನೆಯ ಗೋಡೆಯಲ್ಲಿನ ಮಾಡಿನ ಹಲಗೆಯ ಮೇಲೆ ಬೋರವ್ವನ ಡಬ್ಬಿಗಳು ಸಾಲಾಗಿ ನಿಂತಿದ್ದವು. ಅವುಗಳ ಹಿಂದೆ, ಗೋಡೆಗೆ ತಾಗಿಸಿ, ದಾಳಿಂಬರಿ ತುಂಬಿದ ಡಬ್ಬಿ ಇಟ್ಟಳು. ತುಂಬಿ ಕೊಟ್ಟಂತಾಯಿತು, ಕೈಯಲ್ಲಿ ಕೊಟ್ಟಂತಾಗಲಿಲ್ಲ, ತಿರುಗಿ ಬರುವ ದಾರಿಯೂ ಇರಲಿಲ್ಲ. ಕುಸ್ತಿ ಗೆದ್ದ ಪೈಲ್ವಾನನಂತೆ ಎದೆ ಎತ್ತಿ ರಸ್ತೆ ದಾಟಿದಳು. ಗೋಡೆಯ ಮೇಲಿನ ಅರ್ಧ ತಸ್ಲೀಮಾ ಎರಡೂ ಕೈ ಎತ್ತಿ ಚಪ್ಪಾಳೆ ಹೊಡೆದಳು.

ದೀಪ ಹಚ್ಚುವ ಹೊತ್ತಿಗೆ ಮುರ್ತುಜಸಾಬ, ಮಲಿಕಾ ಬಂದರು. ಪಾಸಾದ ಸುದ್ದಿ ಕೇಳಿ ಮಲಿಕಾ ಮಾರಿಟ್‌ಳ ಹಣೆಗೆ ಬೆರಳು ತಾಗಿಸಿ ಲಟಿಕೆ ಮುರಿದಳು. "ಮದುವಿ ಮನಿಯಿಂದ ಬರ್ಫಿ ತಂದೇನಿ, ಹಾಕಿಡ್ತೇನಿ ತಡಿ," ಎಂದು ಒಳಗೆ ಹೋದವಳು ಅಲ್ಲಿಂದಲೇ ಕೇಳಿದಳು:

"ಬೇಟಾ, ನನ್ನ ಡಬ್ಬಿ ಎಲ್ಲೈತಿ?"

"ಯಾವ ಡಬ್ಬಿ?"

"ಮುಚ್ಚಳಕ್ಕ ನೆಗ್ಗ ಬಿದ್ದದ್ದು. ನಮ್ಮ ಅಮ್ಮಾ ನನ್ನ ಲಗ್ನದಾಗ ಕೊಟ್ಟದ್ದು. ರಮಜಾನಕ್ಕ ನಾನು ಅದರಾಗ ಬೋರವ್ವಗ ಶ್ಯಾವಿಗಿ ಸುರಕುಂಬಾ ಕಳಿಸಿದ್ನಲ್ಲ. ನಿನ್ನೆ ರಾತ್ರಿ ಮಾದ್ಲಿ ಹಾಕಿ ತಿರುಗಿ ಕೊಟ್ಟಳಲ್ಲ."

ಮಾರಿಟ್ ಕುರ್ಚಿಯ ಮೇಲೆ ಕೂತಳು. ಸಕ್ಕರೆ, ಕರದಂಟು, ಖರ್ಜೂರ, ಮಾಡಿನ ಮೇಲೆ ಅಡಗಿಸಿಟ್ಟ ದಾಳಿಂಬರಿ, ಎಲ್ಲವನ್ನೂ ಒಂದರ ಹಿಂದೊಂದು ಹೇಳಿದಳು. ಮುರ್ತುಜಸಾಬರು ನಗು ತಡೆಯಲಾರದೆ ಅಂಗಳಕ್ಕೆ ಹೋದರು. ಮಲಿಕಾ ಹೊಟ್ಟೆ ಹುಣ್ಣಾಗುವಂತೆ ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, ಕೊನೆಗೆ ಬಾಗಿಲಿಗೆ ಬಂದು ಎದುರುಮನೆಗೆ ಕೂಗಿದಳು:

"ಬೋರವ್ವಾ! ನನ್ನ ಡಬ್ಬಿ ನಿಮ್ಮ ಮಾಡಿನ ಮ್ಯಾಲೆ ಹಿಂದ ಐತಿ. ಖಾಲಿನ ಕೊಡು, ನಡೀತೈತಿ!"

"ಖಾಲಿ?" ಎದುರುಮನೆಯಿಂದ ಬಂದ ದನಿಯಲ್ಲಿ ಸಿಟ್ಟೇ ಇತ್ತು. "ನಿಮ್ಮ ಡಬ್ಬಿ ಖಾಲಿ ಕೊಡೂವಂಥಾ ಮನಿತಾನ ಅಲ್ಲ ನಮ್ದು! ಮುಂಜಾನೆ ತರ್ತೇನಿ!"

ಮರುದಿನ ಬೆಳಿಗ್ಗೆ ಏಳೂವರೆಗೆ ಬೋರವ್ವ ಬಂದಳು. ನೆಗ್ಗಿದ ಮುಚ್ಚಳದ ಡಬ್ಬಿಯ ತುಂಬ ಕಡಬು ಇತ್ತು. ಅದರ ಮೇಲೆ ಇನ್ನೊಂದು ಡಬ್ಬಿ ಇತ್ತು. ಅದೂ ತುಂಬಿತ್ತು.

"ಒಂದರಾಗ ಹಿಡೀಲಿಲ್ಲ," ಎಂದಳು ಬೋರವ್ವ, ಎರಡನ್ನೂ ಮಾರಿಟ್‌ಳ ಕೈಗಿಟ್ಟು.

ಎರಡನೆಯದು ಬೋರವ್ವನ ಡಬ್ಬಿ.