ಐದಡಿ ರೆಕ್ಕೆಯ ಪೀಡೆ

ಕೆಲವರಿಗೆ ಲಾಟರಿ ಹೊಡೆಯುತ್ತದೆ, ಕೆಲವರಿಗೆ ನಾಯಿ ಕಚ್ಚುತ್ತದೆ. ನನಗೆ ಮಾತ್ರ, ರಿಮೋಟ್ ವಿಮಾನ ಹಾರಿಸುವ ಚಟ ಹತ್ತಿದ ದಿನದಿಂದ, ಮೈ ಜುಮ್ಮೆನ್ನುವಂಥವೇ ಬಂದು ಗಂಟು ಬೀಳುತ್ತವೆ. ನಾನೇನು ದೆವ್ವ ಭೂತ ನಂಬುವವನಲ್ಲ. ನಂಬುವವರು ಊರು ತುಂಬ ಇರುವಾಗ ನಂಬದವನ ಹಿಂದೆಯೇ ಅವು ಯಾಕೆ ಬೀಳುತ್ತವೋ ತಿಳಿಯದು.

ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾನು ಭದ್ರಾವತಿಯಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್, ಕಾಗದನಗರದ ಕ್ವಾರ್ಟರ್ಸಿನಲ್ಲಿ ವಾಸ. ನನ್ನ ಚಟಕ್ಕೆ ಒಬ್ಬರು ಜೊತೆಗಾರರಿದ್ದರು. ಕಬ್ಬಿಣದ ಎರಕಕ್ಕೆ ಮರದ ಅಚ್ಚು ಮಾಡಿ ಮಾಡಿ ತಲೆ ನರೆತ ಮೇಸ್ತ್ರಿ. ರೇಡಿಯೋ ಕೆಲಸ ನನ್ನದು, ಮರದ ಕೆಲಸ ಅವರದು. ಬಾಲ್ಸಾ ಎಂಬ, ಊದಿದರೆ ಹಾರಿಹೋಗುವಷ್ಟು ಹಗುರವಾದ ಮರದಲ್ಲಿ ಐದಡಿ ರೆಕ್ಕೆಯ ವಿಮಾನ ಕಟ್ಟಿದ್ದೆವು. ಮೂಗಿನಲ್ಲಿ ಪುಟ್ಟ ಎಂಜಿನ್ನು, ಬಾಲದಲ್ಲಿ ಅತ್ತಿತ್ತ ಆಡುವ ಪಟ್ಟಿ, ನನ್ನ ಕೈಯಲ್ಲಿ ಉದ್ದನೆ ಏರಿಯಲ್ ಇರುವ ರಿಮೋಟು. ನನ್ನ ಹೆಂಡತಿ ಅದಕ್ಕಿಟ್ಟ ಹೆಸರು ‘ಪೀಡೆ’.

ಮೊದಲ ಸಲ ಹಾರಿಸಿದಾಗಲೇ, ಆಕಾಶದಲ್ಲಿ ಲಾಗ ಹೊಡೆಸಲು ಹೋಗಿ, ರೆಕ್ಕೆ ನಟ್ಟನಡುವೆ ಲಟಕ್ಕೆಂದು ಮುರಿಯಿತು. ತುಂಡುಗಳನ್ನು ಚೀಲದಲ್ಲಿ ತುಂಬಿಕೊಂಡು ಮನೆಗೆ ಬಂದೆ. ಹೆಂಡತಿ ಚೀಲದೊಳಗೆ ಇಣುಕಿ ತೀರ್ಪು ಕೊಟ್ಟಳು: “ಈ ಸಲ ರಿಪೇರಿ ಮಾಡ್ಕೊಳ್ಳಿ. ಇನ್ನೊಂದ್ಸಲ ಮುರ್ಕೊಂಡು ಬಂದ್ರೆ ಬಚ್ಚಲೊಲೆಗೆ ಹಾಕ್ತೀನಿ. ಒಂದು ಹಂಡೆ ನೀರಾದ್ರೂ ಕಾಯುತ್ತೆ.”

ಅವಳು ಆಡಿದ್ದನ್ನು ಮಾಡದೆ ಬಿಟ್ಟವಳಲ್ಲ. ನಾನು ಆಸೆಪಟ್ಟು ಮಾಡಿಸಿದ್ದ ಪಾರಿವಾಳದ ಗೂಡು ಅದೇ ಒಲೆಯಲ್ಲಿ ಬೂದಿಯಾಗಿತ್ತು. ಹಾಗಾಗಿ ವಿಮಾನ ಮೇಲೇರಿದಾಗಲೆಲ್ಲ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಆಕಾಶವಲ್ಲ, ಬಚ್ಚಲೊಲೆ.

ಬಿಳಿ ಬಟ್ಟೆ

ರೆಕ್ಕೆ ಗಟ್ಟಿ ಮಾಡಲು ಮೇಸ್ತ್ರಿ ದಾರಿ ಹೇಳಿದರು. ಒಳಗೆ ಬಿದಿರಿನ ಸೀಳು ಕೊಡುವುದು, ಮೇಲೆ ತೆಳ್ಳನೆ ಬಿಳಿ ಬಟ್ಟೆ ಸುತ್ತಿ ಅಂಟು ಕುಡಿಸುವುದು. ಬಟ್ಟೆ ತರಲು ಮರುದಿನವೇ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದೆ. ನಿದ್ದೆ ಮಾಡಿರಲಿಲ್ಲ, ಗಡ್ಡ ಕೆರೆದಿರಲಿಲ್ಲ. ಮೂರು ತಿಂಗಳ ದುಡಿಮೆ ಮಣ್ಣುಪಾಲಾದ ದುಃಖ ಮುಖದ ಮೇಲೇ ಇತ್ತು.

“ಬಿಳಿ ಮಲ್ಲು ಬಟ್ಟೆ ಕೊಡಿ. ಐದಡಿ ಉದ್ದ ಇದೆ, ಪೂರ್ತಿ ಸುತ್ತೋಕೆ ಸಾಕಾಗೋ ಅಷ್ಟು” ಎಂದೆ.

ಅಂಗಡಿಯ ಯಜಮಾನರು ನನ್ನ ಮುಖ ನೋಡಿ ದನಿ ತಗ್ಗಿಸಿದರು. “ಯಾವಾಗಾಯ್ತು?”

ಯಾರು ಕೇಳಿದರೂ ಹೇಳಿಕೊಂಡು ಅಳುವ ಸ್ಥಿತಿ ನನ್ನದು. “ನಿನ್ನೆ ಸಂಜೆ.”

“ಹೆಂಗಾಯ್ತು?”

“ಮೇಲಿಂದ ಬಿತ್ತು ಯಜಮಾನ್ರೇ. ನಡುವಿಗೇ ಎರಡು ತುಂಡು.”

ಪಕ್ಕದಲ್ಲಿ ಸೀರೆ ಆರಿಸುತ್ತಿದ್ದ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಯಜಮಾನರು ಅಳತೆ ಕೋಲು ಮುಟ್ಟಲಿಲ್ಲ, ಕತ್ತರಿಯನ್ನೂ ಮುಟ್ಟಲಿಲ್ಲ. ಬಟ್ಟೆಯನ್ನು ಕೈಯಲ್ಲೇ ಪರ್ರನೆ ಹರಿದು, ಮಡಿಸದೆ ಮುಂದಿಟ್ಟರು. ಇಷ್ಟು ಒಳ್ಳೆಯ ಮನುಷ್ಯ ನನಗಾಗಿ ನೊಂದುಕೊಳ್ಳುತ್ತಿರುವುದು ನೋಡಿ ನಾನೇ ಸಮಾಧಾನ ಹೇಳಿದೆ.

“ಬೇಜಾರು ಮಾಡ್ಕೋಬೇಡಿ. ಒಳಗೆ ಬಿದಿರು ಕೊಟ್ಟು, ಇದನ್ನ ಸುತ್ತಿ ಅಂಟು ಹಾಕಿ, ಎರಡು ದಿನ ಬಿಸಿಲಿಗೆ ಒಣಗಿಸ್ತೀವಿ. ಭಾನುವಾರ ಮತ್ತೆ ಮೇಲೆ ಹಾರಿಸ್ತೀವಿ.”

ಅವರು ‘ಹೋಗಿ ಬನ್ನಿ’ ಅಂತಲೂ ಅನ್ನಲಿಲ್ಲ. ಮುಂದಿನ ವಾರ ಇನ್ನೆರಡು ಮೊಳ ಬೇಕಾಗಿ ಅದೇ ಬೀದಿಗೆ ಹೋದಾಗ, ನನ್ನನ್ನು ದೂರದಿಂದ ಕಂಡೇ ಅವರು ನಡುಮಧ್ಯಾಹ್ನ ಅಂಗಡಿಯ ಶಟರ್ ಎಳೆದುಕೊಂಡರು.

ಬಾಲ ಆಡಿಸಿದ್ದು

ರಿಪೇರಿಯಾದ ವಿಮಾನ ನಡುಮನೆಯ ಮೇಜಿನ ಮೇಲಿತ್ತು. ಬಿಳಿ ಬಟ್ಟೆ ಸುತ್ತಿಸಿಕೊಂಡು, ಕೈ ಚಾಚಿ ಮಲಗಿದ ಹಾಗೆ. ಆ ದಿನಗಳಲ್ಲಿ ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ಬಂದು ಉಳಿದಿದ್ದರು. ಅದರ ಮುಂದೆ ಹಾಯುವಾಗ ಅವರು ಗೋಡೆಗೆ ಅಂಟಿಕೊಂಡೇ ನಡೆಯುತ್ತಿದ್ದರು.

ಒಂದು ದಿನ ನಾನು ಫಸ್ಟ್ ಶಿಫ್ಟ್ ಮುಗಿಸಿ ಮನೆಗೆ ಬಂದರೆ ನಡುಮನೆಯಲ್ಲಿ ಕರ್ಪೂರದ ವಾಸನೆ. ಅತ್ತೆ ವಿಮಾನದ ಎದುರು ಕೈಮುಗಿದು ಕೂತಿದ್ದಾರೆ. ರಿಮೋಟು ಬೀರುವಿನೊಳಗೆ ಬೀಗ ಹಾಕಿಕೊಂಡು ಮಲಗಿದೆ. ಆದರೂ ಕಣ್ಣೆದುರೇ ವಿಮಾನದ ಬಾಲ ಪಟಪಟನೆ ಆಡಿತು. ಆಡಿ, ನಿಂತಿತು. ನನ್ನ ಕಾಲು ಹೊಸ್ತಿಲಲ್ಲೇ ಹೂತುಹೋಯಿತು. ನಂಬುವವನಲ್ಲ ಎಂದೆನಲ್ಲ, ಆ ಅರ್ಧ ನಿಮಿಷ ಬಿಟ್ಟು.

“ಹಿರಿ ಮಗನಿಗೆ ಟ್ರಾನ್ಸ್‌ಫರ್ ಆಗುತ್ತಾ? ಆಗೋದಾದ್ರೆ ಬಾಲ ಆಡ್ಸು” ಎಂದರು ಅತ್ತೆ ಮೆಲ್ಲಗೆ.

ಬಾಲ ಆಡಿತು.

“ನನ್ನ ಮಂಡಿನೋವು ಹೋಗುತ್ತಾ?”

ಬಾಲ ಮತ್ತೆ ಆಡಿತು. ಆಗ ನನಗೆ ಅಡುಗೆಮನೆಯ ಸದ್ದು ಕೇಳಿಸಿತು. ಹಿಂದಿನ ದಿನ ನಾನು ವಿಮಾನದೊಳಗಿನ ಬ್ಯಾಟರಿ ಆಫ್ ಮಾಡುವುದು ಮರೆತಿದ್ದೆ. ಹೆಂಡತಿ ಚಟ್ನಿಗೆ ಮಿಕ್ಸಿ ತಿರುಗಿಸಿದಾಗಲೆಲ್ಲ, ಆ ಹಳೇ ಮಿಕ್ಸಿಯ ಕಿಡಿಗೆ ವಿಮಾನದ ರೇಡಿಯೋ ಹೆದರಿ ಬಾಲ ಒದರುತ್ತಿತ್ತು. ಹೋದ ಜೀವ ಬಂದಂತಾಯಿತು.

ಅತ್ತೆ ನನ್ನನ್ನು ನೋಡಿರಲಿಲ್ಲ. ದೊಡ್ಡ ಉಸಿರೆಳೆದುಕೊಂಡು ಮೂರನೆಯದನ್ನು ಕೇಳಿದರು: “ನಮ್ಮ ಅಳಿಯಂದ್ರಿಗೆ ಬುದ್ಧಿ ಬರುತ್ತಾ?”

ಅಷ್ಟರಲ್ಲಿ ಕರೆಂಟ್ ಹೋಯಿತು.

ರಾಗಿಗುಡ್ಡದ ಮಂಜು

ಗಟ್ಟಿ ಮಾಡಿದ ರೆಕ್ಕೆಯ ಪರೀಕ್ಷೆಗೆ ಮೇಸ್ತ್ರಿ ಶಿವಮೊಗ್ಗದ ರಾಗಿಗುಡ್ಡದ ಬುಡದ ಬಯಲನ್ನು ಆರಿಸಿದರು. ಮಳೆ ಬಿಟ್ಟ ಬೆಳಗು, ಎಳೆ ಬಿಸಿಲು. ವಿಮಾನ ಚಂದವಾಗಿ ಮೇಲೆದ್ದು ಎರಡು ಸುತ್ತು ಹೊಡೆಯಿತು. ಮೂರನೇ ಸುತ್ತಿಗೆ ಗುಡ್ಡದ ಕಡೆಯಿಂದ ಮಂಜು ಇಳಿದು ಬಂತು. ನೋಡನೋಡುತ್ತ ಗುಡ್ಡ ಹೋಯಿತು, ನಾವು ಬಂದ ಸ್ಕೂಟರ್ ಹೋಯಿತು, ವಿಮಾನವೂ ಹೋಯಿತು. ಉಳಿದದ್ದು ಅದರ ಸದ್ದು ಮಾತ್ರ.

ಸದ್ದು ಎಡಗಡೆಯಿಂದ ಬಂತು, ತಲೆಯ ಮೇಲೆ ಹಾದು ಬೆನ್ನ ಹಿಂದೆ ಹೋಯಿತು. ಕಾಣದ ವಿಮಾನವನ್ನು ತಿರುಗಿಸುವುದು ಹೇಗೆ? ಹೆದರಿ ನಾನು ರಿಮೋಟಿನ ಕಡ್ಡಿಗಳಿಂದ ಕೈ ತೆಗೆದೆ. ಸದ್ದು ಮಾತ್ರ ನಮ್ಮನ್ನು ನಡುವೆ ಇಟ್ಟುಕೊಂಡು ಸುತ್ತುತ್ತಲೇ ಇತ್ತು.

“ಯಾರು ನಡೆಸ್ತಿದಾರೆ ಮಾರಾಯ ಅದನ್ನ?” ಎಂದರು ಮೇಸ್ತ್ರಿ ಪಿಸುದನಿಯಲ್ಲಿ.

“ನಾನಂತೂ ಅಲ್ಲ ಮೇಸ್ತ್ರಿ.”

ಇಂಧನ ಮುಗಿದು ಎಂಜಿನ್ ನಿಂತಿತು. ಬೀಳುವ ಸದ್ದಿಗೆ ಕಿವಿ ಕೊಟ್ಟು ನಿಂತೆವು. ಬೀಳಲಿಲ್ಲ. ಒಂದು ಹಕ್ಕಿಯ ದನಿಯೂ ಇರಲಿಲ್ಲ. ಆಮೇಲೆ ನಮ್ಮಿಬ್ಬರ ತಲೆಗಳ ಮೇಲೆ ತಣ್ಣಗೆ ಏನೋ ಉಸಿರು ಬಿಟ್ಟಂತೆ ಹಾದುಹೋಯಿತು. ಇಬ್ಬರೂ ಹಿಂತಿರುಗಿ ನೋಡಲಿಲ್ಲ. ಮೇಸ್ತ್ರಿಯ ಕೈ ಯಾವಾಗಲೋ ನನ್ನ ಕೈಯೊಳಗೆ ಬಂದಿತ್ತು.

ಮಂಜು ಹರಿದ ಮೇಲೆ ಧೈರ್ಯ ಮಾಡಿ ತಿರುಗಿದೆವು. ಇಪ್ಪತ್ತು ಹೆಜ್ಜೆ ಹಿಂದೆ, ಗಾಲಿಗಳ ಮೇಲೆ ನೆಟ್ಟಗೆ, ಒಂದು ಗೀರೂ ಇಲ್ಲದೆ ವಿಮಾನ ಕೂತಿತ್ತು. ಮುಖ ನಮ್ಮ ಕಡೆಗೇ. ಎಷ್ಟು ಹೊತ್ತಿನಿಂದ ಹಾಗೆ ನೋಡುತ್ತ ಕೂತಿತ್ತೋ.

ಮೇಸ್ತ್ರಿ ನನ್ನ ಕೈ ಬಿಟ್ಟು ಗಂಟಲು ಸರಿಮಾಡಿಕೊಂಡರು. “ಇಷ್ಟು ಚೆನ್ನಾಗಿ ನೀನು ಯಾವತ್ತಾದ್ರೂ ಇಳ್ಸಿದ್ಯೇನೋ ಮಾರಾಯ? ಇನ್ಮೇಲೆ ಅದನ್ನ ಮೇಲೆ ಬಿಟ್ಟು, ನಾವಿಬ್ರೂ ಕಾಫಿ ಕುಡಿಯೋಕೆ ಹೋಗಿಬಿಡೋಣ.”

ಆಕಾಶದಿಂದ ಬಿದ್ದ ನಿಂಬೆಹಣ್ಣು

ಇದನ್ನು ನೆನೆದರೆ ಈಗಲೂ ನನ್ನ ಹಲ್ಲು ಚುಳ್ಳೆನ್ನುತ್ತದೆ.

ಗಟ್ಟಿ ಮಾಡುವ ಹುರುಪಿನಲ್ಲಿ ಮೇಸ್ತ್ರಿ ಬಾಲಕ್ಕೂ ಬಟ್ಟೆ ಸುತ್ತಿ ಅಂಟು ಕುಡಿಸಿದರು. ಬಾಲ ಭಾರವಾಯಿತು. ಬಾಲ ಭಾರವಾದ ವಿಮಾನ ಮೂಗೆತ್ತಿ ನಿಂತು ದೊಪ್ಪನೆ ಬೀಳುತ್ತದೆ, ಅದಕ್ಕೆ ಮೂಗಿಗೆ ಸ್ವಲ್ಪ ಸೀಸ ಕಟ್ಟಬೇಕು. ಅವತ್ತು ಆಯುಧಪೂಜೆ. ಕಾರ್ಖಾನೆಯಲ್ಲಿ ಲೇತಿನಿಂದ ಸ್ಪ್ಯಾನರಿನವರೆಗೆ ಎಲ್ಲಕ್ಕೂ ಕುಂಕುಮ ಬಿದ್ದಿತ್ತು.

“ಸೀಸ ಯಾಕೆ ಮಾರಾಯ?” ಎಂದ ಮೇಸ್ತ್ರಿ, ಅರಿಶಿನ ಕುಂಕುಮ ಬಳಿದ ದಪ್ಪ ನಿಂಬೆಹಣ್ಣೊಂದನ್ನು ಮೆಣಸಿನಕಾಯಿಗಳ ಜೊತೆ ಕಪ್ಪು ದಾರದಲ್ಲಿ ಪೋಣಿಸಿ ಎಂಜಿನ್ನಿನ ಕೆಳಗೆ ಬಿಗಿದರು. ರೆಕ್ಕೆಯಡಿ ಎರಡು ಬೆರಳಿಟ್ಟು ಎತ್ತಿದರೆ ವಿಮಾನ ತಕ್ಕಡಿಯ ಹಾಗೆ ಸಮ ನಿಂತಿತು. “ನೋಡು, ಪೂಜೆನೂ ಆಯ್ತು, ತೂಕಾನೂ ಆಯ್ತು.”

ಭದ್ರಾವತಿಯ ಹೊರಗೆ ಬೀಳುಬಿದ್ದ ಬಯಲಿನಲ್ಲಿ ಹಾರಿಸಿದೆವು. ರೆಕ್ಕೆ ಗಟ್ಟಿಯಾಗಿದೆಯಲ್ಲ ಎಂಬ ಸೊಕ್ಕಿನಲ್ಲಿ ನಾನು ಲಾಗ ಹೊಡೆಸಿದೆ. ರೆಕ್ಕೆ ತಡೆಯಿತು, ದಾರ ತಡೆಯಲಿಲ್ಲ. ವಿಮಾನ ಒಮ್ಮೆ ಮೂಗೆತ್ತಿ ನಿಂತು, ದೂರದ ಒಂಟಿ ಮನೆಯ ಹಿಂದೆ ಮಾಯವಾಯಿತು. ಮೇಸ್ತ್ರಿಗೆ ಓಡಲಾಗದು. ಒಬ್ಬನೇ ಹೋದೆ.

ಆ ಮನೆಯಲ್ಲಿ ಏನಾಗಿತ್ತೆಂದು ನನಗೆ ತಿಳಿದದ್ದು ಆಮೇಲೆ. ಅಜ್ಜಿಯೊಬ್ಬರು ಅಂಗಳದಲ್ಲಿ ಸಂಡಿಗೆ ಕಾಯುತ್ತ ಕೂತಿದ್ದರಂತೆ. ಮೋಡವಿಲ್ಲದ ಆಕಾಶ. ಗುಂಯ್ ಎಂದು ಏನೋ ಅರಚಿದ ಸದ್ದು. ತಲೆಯೆತ್ತುವಷ್ಟರಲ್ಲಿ, ಕುಂಕುಮ ಬಳಿದು ಕಪ್ಪು ದಾರ ಸುತ್ತಿದ ನಿಂಬೆಹಣ್ಣು ಸಂಡಿಗೆಯ ನಟ್ಟನಡುವೆ ಬಂದು ಬಿತ್ತು. ಹಿಂದೆಯೇ ಬಿಳಿ ಬಟ್ಟೆ ಸುತ್ತಿದ ಯಾವುದೋ ಆಕಾರ ಹುಲ್ಲಿನ ಬಣವೆಗೆ ಎರಗಿತು. ಅಜ್ಜಿ ಅಲುಗಲಿಲ್ಲವಂತೆ. ನಿಂಬೆಹಣ್ಣಿನ ಮೇಲೆ ಬುಟ್ಟಿ ಬೋರಲು ಹಾಕಿ ಮಗನಿಗೆ ಹೇಳಿದರಂತೆ: “ಮಾಟ ಮಾಡ್ದೋನು ಅದು ಹತ್ತಿತೋ ಇಲ್ವೋ ನೋಡೋಕೆ ತಾನೇ ಬರ್ತಾನೆ. ಬಂದು ಏನಾದ್ರೂ ಕೇಳ್ತಾನೆ. ಕೊಟ್ಟರೆ ಮುಗೀತು. ಬೆಂಕಿ, ನೀರು, ಉಪ್ಪು, ಏನೂ ಕೊಡ್ಬೇಡ.”

ಅಷ್ಟರಲ್ಲಿ ನಾನು ಏದುಸಿರು ಬಿಡುತ್ತ ಬಂದು ನಿಂತೆ. “ಅಜ್ಜಿ, ಸ್ವಲ್ಪ ನೀರು ಕೊಡ್ತೀರಾ?”

ಇಬ್ಬರೂ ನನ್ನನ್ನೇ ನೋಡಿದರು. ದನ ಕೂಡ ಮೆಲುಕು ನಿಲ್ಲಿಸಿದಂತಿತ್ತು. ಆಗ ಕಂಡೆ, ನನ್ನ ವಿಮಾನವನ್ನು ಕೊಟ್ಟಿಗೆಯ ಕಂಬಕ್ಕೆ ಹಗ್ಗದಲ್ಲಿ ಬಿಗಿದಿದ್ದರು. ಬುಡದಲ್ಲಿ ಬೆರಣಿ ಒಟ್ಟಿತ್ತು.

“ಅಯ್ಯೋ, ಸುಡಬೇಡಿ! ಅದು ನಂದು, ಕೊಡಿ!” ಎಂದೆ.

“ಕೇಳ್ದ ನೋಡಪ್ಪ” ಎಂದರು ಅಜ್ಜಿ ಮಗನಿಗೆ.

ನನ್ನ ಕ್ವಾರ್ಟರ್ಸಿನ ವಿಳಾಸ, ರಿಮೋಟು, ಆಯುಧಪೂಜೆ, ಬಾಲದ ಭಾರ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅಜ್ಜಿ ಪೂರ್ತಿ ಕೇಳಿ, ಬುಟ್ಟಿ ಎತ್ತಿದರು. “ಇದ್ರಲ್ಲಿ ಏನೂ ಇಲ್ಲ ಅಂತೀಯಲ್ಲ? ಹಂಗಾದ್ರೆ ತಿನ್ನು.”

ನಿಂಬೆಹಣ್ಣು ಕೈಗೆ ತೆಗೆದುಕೊಂಡೆ. ಮೇಸ್ತ್ರಿ ನನ್ನ ಕಣ್ಣೆದುರೇ ಕಟ್ಟಿದ್ದ ಹಣ್ಣು. ಆದರೂ ಅವರಿಬ್ಬರ ಕಣ್ಣು ನೋಡಿ ನಿಜವಾಗಿಯೂ ಹೆದರಿಕೆಯಾಯಿತು. ಅದರೊಳಗೆ ಏನಾದರೂ ಇದ್ದರೆ? ಬೆರಣಿಯ ಕಡೆ ನೋಡಿದೆ, ಕಣ್ಣು ಮುಚ್ಚಿದೆ, ಕಚ್ಚಿದೆ. ಸಿಪ್ಪೆ, ಬೀಜ, ಕುಂಕುಮ, ಎಂಜಿನ್ನಿನ ಇಂಧನಕ್ಕೆ ಬೆರೆಸಿದ ಹರಳೆಣ್ಣೆಯ ಜಿಡ್ಡು, ಎಲ್ಲವೂ ಒಳಗೆ ಹೋಯಿತು. ಕಣ್ಣಲ್ಲಿ ನೀರು ಸುರಿಯಿತು.

“ಕೂತ್ಕೋ. ಕಂಬದ ನೆರಳು ಮೆಟ್ಟಿಲು ಮುಟ್ಟೋವರೆಗೂ ನೋಡೋಣ” ಎಂದರು ಅಜ್ಜಿ.

ಕೂತೆ. ನಾನು ಯಾವಾಗ ರಕ್ತ ಕಾರುತ್ತೇನೆಂದು ಅವರು ಕಾದರು. ಸುಳ್ಳೇಕೆ, ನಾನೂ ಕಾದೆ. ನೆರಳು ಮೆಟ್ಟಿಲು ಮುಟ್ಟಿತು. ನನಗೆ ಬಂದದ್ದು ಒಂದು ಹುಳಿ ತೇಗು ಮಾತ್ರ.

ಅಜ್ಜಿ ನಿಧಾನವಾಗಿ ಎದ್ದು ನನಗೆ ಕೈಮುಗಿದರು. “ಇದು ಸಣ್ಣ ವಿದ್ಯೆ ಅಲ್ಲ ಕಣೋ ಮಗಾ. ತಾನು ಕಟ್ಟಿದ್ದನ್ನ ತಾನೇ ನುಂಗಿ ಅರಗಿಸಿಕೊಂಡಿದಾನೆ. ಇಂಥೋರನ್ನ ಎದುರು ಹಾಕ್ಕೋಬಾರ್ದು, ಆ ಸಾಮಾನು ಕೊಟ್ಟು ಕಳ್ಸು.”

ವಿಮಾನ ಸಿಕ್ಕಿತು, ಆದರೆ ಒಂದು ರೆಕ್ಕೆಯ ತುದಿ ಮುರಿದಿತ್ತು. ಹೆಂಡತಿ ಅದನ್ನು ನೋಡಿದಳು. ಭಾನುವಾರ ಎಣ್ಣೆನೀರಿನ ದಿನ. ವಿಮಾನವನ್ನು ಬಚ್ಚಲೊಲೆಯ ಬಾಯಿಗೆ ಒರಗಿಸಿ ಬೆಂಕಿಪೊಟ್ಟಣ ಹುಡುಕತೊಡಗಿದಳು. ಬೇಡಿಕೊಂಡೆ, ಗೋಗರೆದೆ, ಪ್ರಯೋಜನವಾಗಲಿಲ್ಲ. ಅಷ್ಟರಲ್ಲಿ ಬಾಗಿಲು ಬಡಿದರು. ಹೆಂಡತಿಯೇ ತೆಗೆದಳು. ಅದೇ ಅಜ್ಜಿ, ಹಿಂದೆ ಹಣ್ಣುಕಾಯಿ ಹಿಡಿದ ನಾಲ್ಕು ಜನ.

“ನಿಂಬೆಹಣ್ಣು ನುಂಗೋ ಸ್ವಾಮಿಗಳು ಇದಾರೇನಮ್ಮಾ?”

ಒಬ್ಬನ ಎಮ್ಮೆ ಹಾಲು ಕೊಡುತ್ತಿರಲಿಲ್ಲ. ಒಬ್ಬಾಕೆಯ ಅಳಿಯ ಮನೆ ಸೇರುತ್ತಿರಲಿಲ್ಲ. ನಾನು ಬ್ಯಾಟರಿ, ರಿಸೀವರ್, ಸರ್ವೋ, ಏರಿಯಲ್ ಎಂದು ಅರ್ಧ ಗಂಟೆ ವಿವರಿಸಿದೆ. ಅಜ್ಜಿ ಉಳಿದವರಿಗೆ ಸನ್ನೆ ಮಾಡಿದರು: “ಸುಮ್ನಿರಿ, ಮಂತ್ರ ಹೇಳ್ತಿದಾರೆ.” ಎಲ್ಲರೂ ಅಡ್ಡಬಿದ್ದು, ಹಣ್ಣುಕಾಯಿ ಇಟ್ಟು ಹೋದರು.

ಹೆಂಡತಿ ಬಾಗಿಲು ಹಾಕಿದಳು. ನೇರ ಬಚ್ಚಲಿಗೆ ಹೋಗಿ ವಿಮಾನವನ್ನು ಎತ್ತಿ ತಂದು, ಸೆರಗಿನಿಂದ ಬೂದಿ ಒರೆಸಿ, ಮೇಜಿನ ಮೇಲಿಟ್ಟಳು. ಅಂತೂ ಉಳಿಯಿತಲ್ಲ ಎಂದುಕೊಂಡೆ. ಅವಳು ಕಿಟಕಿಯ ಪರದೆ ಸರಿಸಿ ಎದುರು ಕ್ವಾರ್ಟರ್ಸನ್ನೇ ನೋಡುತ್ತ ನಿಂತಳು. ಆ ಮನೆಯಾಕೆಗೂ ಇವಳಿಗೂ ನಲ್ಲಿ ನೀರಿನ ಜಗಳವಾಗಿ, ಮಾತು ಬಿಟ್ಟು ವರ್ಷವಾಗಿತ್ತು.

“ರೀ, ರೆಕ್ಕೆ ಯಾವತ್ತಿಗೆ ಸರಿಹೋಗುತ್ತೆ?”

“ಎರಡು ದಿನ ಬೇಕು” ಎಂದೆ.

“ಹಾಗಾದ್ರೆ ಬುಧವಾರ ಇಲ್ಲೇ ಹಾರ್ಸಿ. ಆಕೆ ಅಂಗಳದಲ್ಲಿ ಹಪ್ಪಳ ಒಣಗಿಸೋದು ಅವತ್ತೇ. ನಿಂಬೆಹಣ್ಣು ನಾನು ತಂದಿಡ್ತೀನಿ.”